ಅತ್ತಿಗೆಯ ರಬ್ಬರು

ಫೇಲಾಗುವುದಕ್ಕೂ ಶ್ರದ್ಧೆ ಬೇಕು ಎಂದರೆ ನೀವು ನಗುತ್ತೀರಿ. ನಮ್ಮ ಅತ್ತಿಗೆಯನ್ನು ನೋಡಿದ್ದರೆ ನಗುತ್ತಿರಲಿಲ್ಲ! ವಲಸೆ ಬಂದವರಿಗಾಗಿ ಸರ್ಕಾರ ನಡೆಸುವ ಪುಕ್ಕಟೆ ಇಂಗ್ಲಿಷ್ ಕ್ಲಾಸಿನಲ್ಲಿ, ಒಂದೇ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಅಚ್ಚುಕಟ್ಟಾಗಿ ಫೇಲಾದ ಮಹಾತಾಯಿ ಅವರು. ಹಾಗಂತ ದಡ್ಡರೇ? ಮೈಸೂರಿನಲ್ಲಿ ಬಿ.ಎ. ಮುಗಿಸಿದವರು. ಇಂಗ್ಲಿಷ್ ಓದಲು ಬರುತ್ತದೆ, ಬಾಯಿ ಬಿಡಲು ಮಾತ್ರ ಸಂಕೋಚ. ಈ ಪರೀಕ್ಷೆ ಪಾಸಾದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸದ ತರಬೇತಿಗೆ ಸೀಟು ಸಿಗುತ್ತದೆ. ಅದು ಅವರು ಈ ದೇಶಕ್ಕೆ ಬಂದಾಗಿನಿಂದ ಇಟ್ಟುಕೊಂಡಿದ್ದ ಒಂದೇ ಆಸೆ.

ಡಬ್ಲಿನ್ನಿನ ಬಾಡಿಗೆಗೆ ಹೆದರಿ ಊರಂಚಿನ ಸಿಟಿವೆಸ್ಟಿನಲ್ಲಿ ಅಣ್ಣನ ಮನೆಯ ಚಿಕ್ಕ ರೂಮಿನಲ್ಲಿ ಠಿಕಾಣಿ ಹೂಡಿರುವ ಮೈದುನ ನಾನು. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಮೊದಲು ಅರ್ಜಿಯ ಪ್ರಸಂಗ. ಶುಭಕಾರ್ಯವಲ್ಲವೇ? ಅರ್ಜಿಯ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟು, ಆಮೇಲೆ ಕಳಿಸಿದರು. ಕಲೆಯಿಲ್ಲದ ಇನ್ನೊಂದು ಪ್ರತಿ ಕಳಿಸಿ ಎಂದು ವಿನಯವಾಗಿ ಉತ್ತರ ಬಂತು. ಅತ್ತಿಗೆ ಇನ್ನೊಂದನ್ನು ತುಂಬಿದರು, ಈ ಸಲ ಕುಂಕುಮವನ್ನು ಲಕೋಟೆಯ ಒಳಭಾಗಕ್ಕೆ ಹಚ್ಚಿದರು!

ಕ್ಲಾಸಿಗೆ ಹೋದ ಮೊದಲ ದಿನ ಟೀಚರ್ ಒಳಗೆ ಬಂದ ಕೂಡಲೇ ಅತ್ತಿಗೆ ಎದ್ದು ನಿಂತರಂತೆ. ಅದನ್ನು ನೋಡಿ ಬ್ರೆಜಿಲ್ಲಿನವರು ಎದ್ದರು, ಸಿರಿಯಾದವರು ಎದ್ದರು. ಇದು ಇಲ್ಲಿನ ಕಾನೂನು ಎಂದೇ ಎಲ್ಲರೂ ತಿಳಿದರು. ಬೇಡ ಬೇಡ ಎನ್ನುತ್ತಿದ್ದ ಆ ಐರಿಶ್ ಟೀಚರು, ಈಗ ಎಲ್ಲರೂ ಏಳುವವರೆಗೆ ಬಾಗಿಲಲ್ಲೇ ಕಾಯುತ್ತಾರಂತೆ!

ಇನ್ನು ಡಬ್ಬಿ. ಅತ್ತಿಗೆಯ ಪಕ್ಕದ ಕುರ್ಚಿ ಯುಕ್ರೇನಿನಿಂದ ಒಂಟಿಯಾಗಿ ಬಂದ ಒಬ್ಬ ಅಜ್ಜಿಯದು. ಒಂದು ದಿನ ಅತ್ತಿಗೆ ಅವರಿಗೆ ಡಬ್ಬಿಯಲ್ಲಿ ಚಿತ್ರಾನ್ನ ಕೊಟ್ಟರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಎನ್ನುವ ನಮ್ಮ ಶಾಸ್ತ್ರ ಆ ಅಜ್ಜಿಗೂ ಗೊತ್ತಿರಬೇಕೇ? ಮಾರನೆಯ ವಾರ ಡಬ್ಬಿ ತುಂಬ ಸೇಬಿನ ಕೇಕು ಬಂತು. ಅದಕ್ಕೆ ಕೋಡುಬಳೆ ಹೋಯಿತು, ಕೋಡುಬಳೆಗೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಬಂತು. ಹೀಗೇ ಎರಡು ವರ್ಷ! ಅದರ ನಡುವೆ ಎರಡು ಪರೀಕ್ಷೆ ಬಂದುಹೋದವು. ಯಾಕೆ ಫೇಲಾದಿರಿ ಎಂದರೆ ಅತ್ತಿಗೆಯದು ಒಂದೇ ಉತ್ತರ: “ಡಬ್ಬಿ ಅವ್ರ ಹತ್ರ ಇತ್ತು ಕಣಪ್ಪ.”

ಮೂರನೆಯ ಪರೀಕ್ಷೆ ಬಂತು. ಈ ಸಲವೂ ಹೋದರೆ ತರಬೇತಿಯ ಸೀಟು ಬೇರೆಯವರಿಗೆ. ನಾನು ಒಂದು ತಿಂಗಳು ಪಾಠ ಹೇಳಿಕೊಟ್ಟೆ. ನಾನು ತಪ್ಪು ಹೇಳಿದ ಕಡೆಯಲ್ಲೆಲ್ಲ ಅವರು ತಿದ್ದಿದರು. ಪರೀಕ್ಷೆಯ ದಿನ ಆಫೀಸಿಗೆ ರಜೆ ಹಾಕಿ ಜೊತೆಯಲ್ಲೇ ಹೋದೆ. ಅವರು ಬರೆಯುತ್ತಿದ್ದಾಗ ಟೀಚರು ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: ಹಿಂದಿನ ಎರಡು ಸಲವೂ ನಿಮ್ಮ ಅತ್ತಿಗೆ ಎಲ್ಲ ಉತ್ತರವನ್ನೂ ಸರಿಯಾಗಿ ಬರೆದರು, ಗಂಟೆ ಹೊಡೆಯುವ ಮುಂಚೆ ಅರ್ಧವನ್ನು ರಬ್ಬರಿನಿಂದ ಅಳಿಸಿ ಕೊಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸು ಹತ್ತಿದ ಮೇಲೆ ಕೇಳಿಯೇಬಿಟ್ಟೆ, ಇದೇನು ಹುಡುಗಾಟ ಅಂತ.

ಅತ್ತಿಗೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು: “ನಾನು ಪಾಸಾಗಿ ಹೋದ್ರೆ ಆ ಅಜ್ಜಿ ಪಕ್ಕ ಯಾರಪ್ಪ ಕೂರ್ತಾರೆ? ಬಂದ ಹೊಸ್ದ್ರಲ್ಲಿ ನನ್ನ ಕೂರಿಸ್ಕೊಂಡು ಮಾತಾಡಿದ್ದು ಅವ್ರೊಬ್ರೇ. ಅವ್ರಿಗೆ ಕನ್ನಡ ಬರಲ್ಲ, ನಂಗೆ ಅವ್ರ ಭಾಷೆ ಬರಲ್ಲ. ಆದ್ರೂ ದಿನಾ ಮಾತಾಡಿದ್ವಿ.”

ಮನೆಯಲ್ಲಿ ಅತ್ತಿಗೆಯನ್ನು ಬಿಟ್ಟು ಕನ್ನಡ ಬಲ್ಲವರು ಮೂವರಿದ್ದೇವೆ. ಅಣ್ಣನಿಗೆ ಮೀಟಿಂಗು. ಅವರ ಮಗಳು ಏನು ಕೇಳಿದರೂ ಇಲ್ಲಿನವರ ಹಾಗೆ ‘ಗ್ರ್ಯಾಂಡ್’, ಅಂದರೆ ಎಲ್ಲ ಸರಿ, ಎಂದು ಮುಗಿಸುತ್ತಾಳೆ. ನಾನು ಇವತ್ತು ಏನು ಸಾರು ಎನ್ನುವುದನ್ನು ಬಿಟ್ಟು ಬೇರೇನನ್ನೂ ಅವರ ಹತ್ತಿರ ಕೇಳಿದವನಲ್ಲ. ನಾಚಿಕೆಯಾಯಿತು.

“ಇವತ್ತೂ ಅಳಿಸಿದ್ರಾ ಅತ್ತಿಗೆ?” ಎಂದೆ, ಮೆಲ್ಲಗೆ.

ಅವರು ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದರು. ಕೇಕಿಲ್ಲ, ಸೌತೆಕಾಯಿಯೂ ಇಲ್ಲ. ಒಳಗೆ ಅತ್ತಿಗೆಯ ರಬ್ಬರು ಒಂದೇ ಇತ್ತು.

“ಪ್ರಶ್ನೆ ಪೇಪರ್ ಕೈಗೆ ಬಂದ ತಕ್ಷಣ ಅಜ್ಜಿ ಕಿತ್ಕೊಂಡ್ಬಿಟ್ರು,” ಎಂದು ಕಣ್ಣೊರೆಸಿಕೊಂಡರು. “ಎರಡು ಸಲಾನೂ ನಾನು ಅಳಿಸೋದನ್ನ ನೋಡಿದ್ರಂತೆ. ಮುಗಿಯೋವರೆಗೂ ಕೊಡ್ಲಿಲ್ಲ, ಆಮೇಲೆ ಡಬ್ಬೀಲಿ ಹಾಕಿ ಕೊಟ್ರು.”

ಆಮೇಲೆ ಅತ್ತಿಗೆ ಮುಚ್ಚಳ ಹಾಕಿ, ಅಜ್ಜಿಯ ಮನೆಗೆ ಯಾವ ಬಸ್ಸು ಹೋಗುತ್ತದೆ ನೋಡು ಎಂದರು. ಡಬ್ಬಿ ಈಗ ಅತ್ತಿಗೆಯ ಹತ್ತಿರ ಬಂದಿದೆ, ಖಾಲಿ ಕೊಡುವ ಹಾಗಿಲ್ಲವಲ್ಲ.