ಹೊಂಡಕ್ಕೆ ಬಿದ್ದವರದೇ ತಪ್ಪು

ನನ್ನ ಅತ್ತೆ, ಸೋದರಮಾವನ ಹೆಂಡತಿ, ಮೋಟರ್ ಸೈಕಲಿನ ಹಿಂದಿನ ಸೀಟಿನಲ್ಲಿ ಕುಳಿತಲ್ಲೇ ನಿದ್ದೆಹೋಗಿ ರಸ್ತೆಗೆ ಬಿದ್ದರು ಎಂದು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೇಳಿದವರೆಲ್ಲ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಪುತ್ತೂರಿನಿಂದ ಸವಣೂರಿಗೆ ಆ ರಸ್ತೆಯಲ್ಲಿ ಒಮ್ಮೆ ನಾನೇ ಪ್ರಯಾಣ ಮಾಡಿದ ಮೇಲೆ, ಅಲ್ಲಿ ನಿದ್ದೆ ಬರುವುದು ಹೇಗೆ ಎಂಬ ಸಂಶಯ ಮೂಡಿತು. ನಮ್ಮ ಕಡೆ ರಸ್ತೆಯಲ್ಲಿ ಬಿದ್ದವರ ಕಥೆಗಳಿಗೆ ಎಂದೂ ಬರವಿಲ್ಲ. ಯಾರಾದರೂ ಬಿದ್ದ ಕೂಡಲೇ ತಪ್ಪು ಯಾರದೆಂಬ ವಿಚಾರಣೆ ಆರಂಭವಾಗುತ್ತದೆ. ಆ ವಿಚಾರಣೆಯಲ್ಲಿ ರಸ್ತೆಯ ಹೆಸರು ಬಂದದ್ದನ್ನು ಮಾತ್ರ ನಾನು ಕೇಳಿಲ್ಲ.

ಮುಂದೆ ಹೇಳುವ ಪ್ರಸಂಗಗಳೆಲ್ಲ ಒಂದೇ ಹೊಂಡದವು. ಸವಣೂರಿಗಿಂತ ಸ್ವಲ್ಪ ಮೊದಲು, ತಿರುವು ಮುಗಿಯುವ ಮುನ್ನವೇ ಅದು ಎದುರಾಗುತ್ತಿತ್ತು.

೧. ದನದ ನೋಟ

ಮೊದಲು ಬಿದ್ದವರು ಪುತ್ತೂರಿನ ಒಬ್ಬ ಕಂಟ್ರಾಕ್ಟರರು. ಹೊಸ ಮೋಟರ್ ಸೈಕಲು, ಬಿಳಿ ಪ್ಯಾಂಟು. ಹೊಂಡದಿಂದ ಎದ್ದು ನಿಂತವರೇ ಸುತ್ತಲೂ ಕಣ್ಣು ಹಾಯಿಸಿದರು. ಗುಡ್ಡದ ಬದಿಯಲ್ಲಿ ಒಂದು ದನ ಮೇಯುತ್ತಿತ್ತು.

"ಯಾರದ್ದು ಆ ದನ?"

ದನದ ಯಜಮಾನಿ ಮುಂದೆ ಬಂದರು. ತಿರುವಿನ ಮೇಲಿನ ಮನೆಯವರು, ಮಾತಿನಲ್ಲಿ ಯಾರಿಗೂ ಸೋಲುವವರಲ್ಲ. "ನನ್ನದು. ಅದು ರಸ್ತೆಗೇ ಬರಲಿಲ್ಲ."

"ಬರಲಿಲ್ಲ, ಸರಿ. ಆದರೆ ನಾನು ಬರುವಾಗ ತಲೆ ಎತ್ತಿ ನನ್ನನ್ನೇ ನೋಡಿತು!"

"ನೋಡುದು ತಪ್ಪಾ ಮಾರಾಯ್ರೆ? ಈಗ ಊರೇ ನಿಮ್ಮನ್ನು ನೋಡ್ತಾ ಉಂಟು."

ಸೇರಿದವರು ಹಿರಿಯರ ಮುಂದೆ ಮಾತುಕತೆ ನಡೆಸಿದರು. ಕಂಟ್ರಾಕ್ಟರರ ಪ್ಯಾಂಟಿನ ಸ್ಥಿತಿ ಕಂಡು ಎಲ್ಲರಿಗೂ ಮರುಕ ಹುಟ್ಟಿತು. ದನವನ್ನು ದೊಡ್ಡಿಗೆ ಹಾಕಿಸಿದರು. ದಂಡ ಕಟ್ಟಿ ಬಿಡಿಸಿ ತಂದ ಮೇಲೆ ಅದು ಆ ತಿರುವಿನ ಕಡೆ ಹೆಜ್ಜೆ ಇಡಲಿಲ್ಲ. ಆ ಹೊಂಡದಿಂದ ಪಾಠ ಕಲಿತದ್ದು ನನಗೆ ತಿಳಿದಂತೆ ಅದೊಂದೇ.

೨. ಸರಕಾರದ ಹೊಂಡ

ಇನ್ನೊಬ್ಬರು ಬಿದ್ದರೆ ತಪ್ಪು ಪುನಃ ತನ್ನ ಕೊಟ್ಟಿಗೆಗೇ ಬರಬಹುದೆಂದು ದನದ ಯಜಮಾನಿ ಒಂದು ಉಪಾಯ ಮಾಡಿದರು. ಒಂದು ಮರದ ಕೊಂಬೆ ಕಡಿದು, ತುದಿಗೆ ಕೆಂಪು ಬಟ್ಟೆಯ ಚಿಂದಿ ಕಟ್ಟಿ, ಹೊಂಡದ ನಡುವೆ ನೆಟ್ಟರು. ಮಳೆಗಾಲದಲ್ಲಿ ಹೊಂಡ ತುಂಬಿ ರಸ್ತೆಗೆ ಸಮನಾದಾಗಲೂ ಕೊಂಬೆ ಕಾಣುತ್ತಿತ್ತು. ಸವಾರರು ಬದಿಗೆ ಸರಿದು ಹೋಗುತ್ತಿದ್ದರು. ಕೆಲಕಾಲ ಯಾರೂ ಬೀಳಲಿಲ್ಲ.

ಅಷ್ಟರಲ್ಲಿ ರಸ್ತೆಯ ಓವರ್‌ಸಿಯರರು ತಮ್ಮ ಮೋಟರ್ ಸೈಕಲಿನಲ್ಲಿ ಬಂದರು. ಸರಕಾರಿ ರಸ್ತೆಯ ನಡುವೆ ಗಿಡವೊಂದು ಬೆಳೆದಿರುವುದನ್ನು ಕಂಡು, ಪರಿಶೀಲಿಸಲೆಂದು ನೇರವಾಗಿ ಅದರ ಬಳಿಗೇ ಗಾಡಿ ಬಿಟ್ಟರು. ಪರಿಶೀಲನೆ ಸೊಂಟದವರೆಗೆ ನಡೆಯಿತು.

ಊರಿನವರಿಗೆ ಒಳಗೊಳಗೇ ಸಂತೋಷ. ಸರಕಾರವೇ ಹೊಂಡಕ್ಕೆ ಬಿದ್ದ ಮೇಲೆ ಇನ್ನು ಮುಚ್ಚದೆ ಇರುವುದುಂಟೇ? ಓವರ್‌ಸಿಯರರು ಎದ್ದು, ಟೊಪ್ಪಿಯ ನೀರು ಚೆಲ್ಲಿ, ಕೇಳಿದರು:

"ಇದನ್ನು ನೆಟ್ಟದ್ದು ಯಾರು?"

"ನಾನು," ಎಂದರು ದನದ ಯಜಮಾನಿ. "ಹೊಂಡ ಉಂಟು ಅಂತ ಗೊತ್ತಾಗ್ಲಿಕ್ಕೆ."

"ಹೊಂಡ ಉಂಟಾ ಇಲ್ವಾ ಅಂತ ಹೇಳಬೇಕಾದ್ದು ನಾವು. ಅದು ಮದ್ರಾಸಿನಿಂದ ಮಂಜೂರಾಗಿ ಬರಬೇಕು."

ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿನ ಆಡಳಿತದಲ್ಲಿತ್ತು. ಓವರ್‌ಸಿಯರರು ಕೊಂಬೆಯನ್ನು ಕೀಳಿಸಿ, ಸಾಕ್ಷಿಗೆಂದು ತೆಗೆದುಕೊಂಡು ಹೋದರು. ಮುಂದೆ ನಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಹೊಂಡ ಮಾತ್ರ ಎಲ್ಲಿಗೂ ಸೇರದೆ ಇದ್ದಲ್ಲೇ ಇತ್ತು.

೩. ಹಿಂದೆ ಬರುತ್ತಿದ್ದವಳು

ಕೊಂಬೆ ಹೋದ ಕೆಲವೇ ದಿನಗಳಲ್ಲಿ ನನ್ನ ಸೋದರಮಾವ ಅತ್ತೆಯನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಬಂದರು. ಮಾವನಿಗೆ ಕಡಬದಲ್ಲಿ ಜವಳಿ ಅಂಗಡಿ. ಅವರ ತಂಗಿಯ, ಅಂದರೆ ನನ್ನ ಚಿಕ್ಕಮ್ಮನ, ಮದುವೆ ಹತ್ತಿರವಿತ್ತು. ಮದುವೆಯ ಚಪ್ಪರಕ್ಕೆ ಬೆಳಕಾಗಬೇಕಿದ್ದ ಮನೆಯ ಗ್ಯಾಸ್‌ಲೈಟಿನ ಗಾಜು ಒಡೆದಿದ್ದರಿಂದ ಹೊಸದನ್ನು ಪುತ್ತೂರಿನಲ್ಲಿ ಕೊಂಡು, ಅತ್ತೆಯ ಕೈಗೆ ಕೊಟ್ಟಿದ್ದರು.

ಆ ಮೋಟರ್ ಸೈಕಲು ಮಿಲಿಟರಿ ಹರಾಜಿನಲ್ಲಿ ಬಂದದ್ದು. ಅದರ ಸದ್ದಿನಲ್ಲಿ ಸವಾರನಿಗೆ ತನ್ನ ಮಾತು ಮಾತ್ರ ಕೇಳಿಸುತ್ತಿತ್ತು. ಗಾಜನ್ನು ಎಷ್ಟು ಚೌಕಾಶಿ ಮಾಡಿ ಕೊಂಡೆನೆಂದು ಮಾವ ದಾರಿಯುದ್ದಕ್ಕೂ ವಿವರಿಸಿದರು. ಸವಣೂರಿನ ಚಹಾದಂಗಡಿಯ ಎದುರು ನಿಲ್ಲಿಸಿ, "ಇಳಿ, ಚಾ ಕುಡಿಯುವ," ಎಂದು ತಿರುಗಿದರು. ಸೀಟು ಖಾಲಿ.

ಚಹಾದಂಗಡಿಯ ಮಾಲೀಕ ಬ್ಯಾರಿ ಕಾಕ ಇದನ್ನು ನನಗೆ ತಾವಾಗಿಯೇ ಹೇಳಿದ್ದಾರೆ:

"ಅಮ್ಮ ಎಲ್ಲಿ ಮಾರಾಯ್ರೆ ಅಂತ ಕೇಳಿದೆ. ಹಿಂದೆ ಬರ್ತಾ ಇದ್ದಾಳೆ ಅಂದ್ರು. ಹಿಂದೆ ಅಂದ್ರೆ ಎಲ್ಲಿಂದ, ನೀವು ಬಂದದ್ದು ಮೋಟರಿನಲ್ಲಲ್ವಾ ಅಂದೆ. ಆಗ ಅವರಿಗೆ ಗಾಬರಿಯಾಯ್ತು. ಚಾ ಅರ್ಧದಲ್ಲೇ ಬಿಟ್ಟು ಹೋದ್ರು."

ಅರ್ಧ ಚಹಾ ಯಾವಾಗ ಕುಡಿದರೆಂದು ನಾನು ಕೇಳಲಿಲ್ಲ.

ಅತ್ತೆ ಹೊಂಡದ ಹತ್ತಿರ ರಸ್ತೆಯ ಬದಿಯಲ್ಲಿ ಬಿದ್ದಿದ್ದರು. ಏಳಲಾಗುತ್ತಿರಲಿಲ್ಲ. ಮಾವ ಓಡಿ ಬಂದು ಕೇಳಿದ ಮೊದಲ ಮಾತು, "ಗಾಜು?"

"ಉಂಟು," ಎಂದರು ಅತ್ತೆ.

೪. ಗಾಜಿನ ತೀರ್ಪು

ಅತ್ತೆಯ ಸೊಂಟದ ಎಲುಬು ಮುರಿದಿತ್ತು. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇಷ್ಟು ಸಾಕಾಯಿತು. ಗಾಜು ಒಡೆಯದಂಥ ಪೆಟ್ಟಿನಿಂದ ಸೊಂಟ ಮುರಿಯುವುದುಂಟೇ ಎಂದು ಬಂದವರೆಲ್ಲ ಕೇಳಿದರು. ನಿದ್ದೆಯಲ್ಲಿ ಮೆಲ್ಲನೆ ಜಾರಿರಬೇಕು ಎಂದು ಮಾವ ಹೇಳಿದರು. ಇನ್ನಾದರೂ ಹೊಂಡ ಮುಚ್ಚಿರೆಂದು ಊರಿನವರು ಕೇಳಿಕೊಂಡಾಗ ಓವರ್‌ಸಿಯರರೂ ಗಾಜಿನ ವಿಷಯ ವಿಚಾರಿಸಿ, "ಹಾಗಾದರೆ ಹೊಂಡ ದೊಡ್ಡದಲ್ಲ," ಎಂದರು.

ಅತ್ತೆ ಕುಂಟುತ್ತ ಮನೆಕೆಲಸಕ್ಕೆ ಮರಳಿದರು. ಮನೆಯವರು ಸುಬ್ರಹ್ಮಣ್ಯಕ್ಕೆ ಹೊರಟಾಗ, ನೆಂಟರ ಮದುವೆಗಳಿಗೆ ಹೊರಟಾಗ, ಅವರನ್ನು ಬಿಟ್ಟು ಹೋಗುವುದು ರೂಢಿಯಾಯಿತು. "ನಿದ್ದೆಗಾರ್ತಿ, ದಾರಿಯಲ್ಲಿ ಬಿದ್ದರೆ?" ತವರಿಗೂ ಅವರು ಹೋದದ್ದು ವಿರಳ. ಮಾವ ಆ ಗಾಜನ್ನು ಕಪಾಟಿನ ಮೇಲಿಟ್ಟು ಬಂದವರಿಗೆ ತೋರಿಸುತ್ತಿದ್ದರು: "ಇದರ ಬೆಳಕಿನಲ್ಲೇ ನನ್ನ ತಂಗಿಯ ಧಾರೆ ಆದದ್ದು." ನಾನು ಆ ಮದುವೆಯಲ್ಲಿದ್ದೆ. ಆದರೆ ನನಗೆ ನೆನಪಿರುವುದು ಹೋಳಿಗೆ ಮಾತ್ರ.

ಕಾಲೇಜಿನ ರಜೆಯಲ್ಲಿ ಹೋಗಿದ್ದಾಗ ಅತ್ತೆಯ ಕೈಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಎರಡೂ ಮೊಣಕೈಗಳಲ್ಲಿ ದೊಡ್ಡ ಹಳೆಯ ಕಲೆ. ಅಂಗೈಗಳಲ್ಲಿ ಒಂದೂ ಇಲ್ಲ. ಬೀಳುವವರು ಅಂಗೈ ಊರುತ್ತಾರೆ. ಊರದೆ ಬಿದ್ದವರು ಕೈಯಲ್ಲಿ ಏನನ್ನೋ ಎತ್ತಿ ಹಿಡಿದಿರಬೇಕು. ನಿದ್ದೆಯಲ್ಲಿದ್ದವರ ಕೈಯಿಂದಲಾದರೋ ಮೊದಲು ಬೀಳುವುದು ಗಾಜು.

"ಅತ್ತೇ, ನಿಮಗೆ ಎಚ್ಚರ ಇತ್ತಲ್ವಾ?"

"ಇಲ್ಲದೆ? ಹೊಂಡ, ಹೊಂಡ ಅಂತ ಬೊಬ್ಬೆ ಹಾಕಿದ್ದೇನೆ."

"ಮತ್ತೆ ಗಾಜನ್ನು ಬಿಟ್ಟು ಸೀಟು ಹಿಡಿಯಬಾರದಿತ್ತಾ?"

"ಗಾಜು ಒಡೆದಿದ್ದರೆ ಮನೆಯವರೆಲ್ಲ ಕೇಳ್ತಿದ್ರು ಮಗಾ. ಸೊಂಟ ನನ್ನದೇ ಅಲ್ವಾ, ಅದನ್ನು ಯಾರು ಕೇಳುದು?"

ಆ ದಿನ ಮಧ್ಯಾಹ್ನ ಕಪಾಟಿನ ಮೇಲಿಂದ ಗಾಜನ್ನು ಇಳಿಸಿದೆ. ಮದುವೆಗೆ ಉರಿದ ಗಾಜಿನಲ್ಲಿ ಇರಬೇಕಾದ ಮಸುಕು ಅದರಲ್ಲಿ ಇರಲಿಲ್ಲ. ಅಟ್ಟದಿಂದ ಗ್ಯಾಸ್‌ಲೈಟನ್ನೂ ತಂದು, ಜಗಲಿಯಲ್ಲಿ ಕುಳಿತು, ಗಾಜನ್ನು ಅದರ ಮೇಲೆ ಇಟ್ಟೆ. ಕೂರಲಿಲ್ಲ. ತಿರುಗಿಸಿ ಇಟ್ಟೆ. ಆಗಲೂ ಕೂರಲಿಲ್ಲ. ದೀಪದ ಬಳೆಗಿಂತ ಅದು ಒಂದು ಬೆರಳಿನಷ್ಟು ದೊಡ್ಡದು.

ಆರಾಮಕುರ್ಚಿಯಲ್ಲಿ ಮಲಗಿದ್ದ ಮಾವ ಒಂದು ಕಣ್ಣು ತೆರೆದು ನೋಡಿದರು.

"ಮಾವಾ, ಇದು ನಮ್ಮ ದೀಪದ್ದಲ್ಲ."

"ಅದು ನನ್ನ ತಪ್ಪಾ?" ಎಂದರು ಮಾವ. "ಪುತ್ತೂರಿನಿಂದ ಎರಡೂ ಕೈಯಲ್ಲಿ ಹಿಡ್ಕೊಂಡು, ಒಂದು ಸಲ ಕಣ್ಣು ಮುಚ್ಚದೆ ಕೂತಿದ್ದವಳು ಅವಳು. ಅಳತೆ ಅವಳಿಗೆ ಗೊತ್ತಾಗಬೇಡ್ವಾ?"