ಫೋನಿಗೆ ಗೊತ್ತಾದ ಬಸಿರು

ಭಾನುವಾರ ಬೆಳಿಗ್ಗೆ ಗುಡ್ಡಪ್ಪನ ಫೋನಿನಲ್ಲಿ ತೊಟ್ಟಿಲು ಬಂತು. ಕಬ್ಬಿನ ಲಾರಿ ಓಡಿಸುವ ಗುಡ್ಡಪ್ಪ ಕಟ್ಟೆಯ ಮೇಲೆ ಚಹಾ ಹೀರುತ್ತ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ನೋಡುತ್ತಿದ್ದ. ಕೆಂಪು ಟ್ರ್ಯಾಕ್ಟರು ನೀಲಿಯದನ್ನು ಇನ್ನೇನು ಎಳೆದೇ ಬಿಟ್ಟಿತು ಅನ್ನುವಾಗ ನಡುವೆ ಜಾಹೀರಾತಿನ ತೊಟ್ಟಿಲು ತೂಗಿತು. ಅದರ ಹಿಂದೆ ಕೂಸಿಗೆ ಹಚ್ಚುವ ಎಣ್ಣೆ ಬಂತು. ಎಣ್ಣೆಯ ಹಿಂದೆ ಒಬ್ಬ ತುಂಬು ಬಸುರಿ ನಗುತ್ತ ಬಂದಳು. ಮೂರು ದಿನದಿಂದ ಹೀಗೇ ನಡೆದಿತ್ತು. ಮನೆಯಲ್ಲಿ ಯಾರಿಗೋ ಏನೋ ಆಗಿದೆ, ಫೋನಿಗೆ ಗೊತ್ತಾಗಿದೆ, ತನಗೆ ಗೊತ್ತಾಗಿಲ್ಲ ಎಂದು ಅವನಿಗೆ ಅನ್ನಿಸಿತು. ಮನೆಯಲ್ಲಿ ಇದ್ದ ಹೆಂಗಸು ಒಬ್ಬಳೇ.

ಅವನು ಎದ್ದು ಹೋಗಿ, ನಳದ ಕೆಳಗೆ ತುಂಬಿದ್ದ ಕೊಡವನ್ನು ಹೆಂಡತಿಯ ಕೈಯಿಂದ ಇಸಿದುಕೊಂಡ.

"ಬಿಡು, ನೀ ಎತ್ತಬ್ಯಾಡ."

ಪದ್ಮವ್ವ ಕೈ ಗಾಳಿಯಲ್ಲೇ ಬಿಟ್ಟು ನಿಂತಳು. ಮದುವೆಯಾದಾಗಿನಿಂದ ಈ ಮನುಷ್ಯ ಕೊಡ ಮುಟ್ಟಿದ್ದನ್ನು ಅವಳು ನೋಡಿರಲಿಲ್ಲ. "ಯಾಕ್ರಿ, ಆರಾಮ ಅದೀರಿಲ್ಲ?" ಎಂದು ಕೇಳಿದಳು. ಅವನು ನಾಚಿದ. ಐವತ್ತು ದಾಟಿದ ಲಾರಿ ಡ್ರೈವರ್ ನಾಚಿದರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ.

ಅದನ್ನು ಯೋಚಿಸುತ್ತ ಕೂರಲು ಅವಳಿಗೆ ಪುರುಸೊತ್ತಿರಲಿಲ್ಲ. ಅಂದು ಸಂಜೆ ಯಮಕನಮರಡಿಯಿಂದ ಮನೆ ನೋಡಲು ಬರುವವರಿದ್ದರು. ಮಗ ಶುಭಮ್‌ಗೆ ಎರಡು ವರ್ಷದಿಂದ ಹುಡುಗಿ ಹುಡುಕಿ ಹುಡುಕಿ ಅವಳ ಚಪ್ಪಲಿ ಸವೆದಿದ್ದವು. ಒಬ್ಬರಿಗೆ ಇವರ ಊರು ಮೂಡಲಗಿ ದೂರವಾಯಿತು, ಇನ್ನೊಬ್ಬರಿಗೆ ಹುಡುಗ ಕಪ್ಪಾದ. ಯಮಕನಮರಡಿಯ ಹುಡುಗಿಗೆ ಮಾತ್ರ ಶುಭಮ್ ಹಿಡಿಸಿದ್ದ, ಅವನಿಗೂ ಆಕೆ ಹಿಡಿಸಿದ್ದಳು. ಇನ್ನು ಹಿರಿಯರು ಬಂದು ಮನೆತನ ನೋಡಿ ಹೂಂ ಅನ್ನಬೇಕು, ಅಷ್ಟೆ. ಈ ಒಂದು ದಿನ ಸುಸೂತ್ರ ಕಳೆದರೆ ಸಾಕು ಎಂದು ಪದ್ಮವ್ವ ಹೋಳಿಗೆಗೆ ಕಣಕ ನಾದುತ್ತಿದ್ದಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕೈತುಂಬ ಹಿಟ್ಟು. ಸಕ್ಕರೆ ಕೇಳುವ ನೆಪದಲ್ಲಿ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದ ಪಕ್ಕದ ಮನೆಯ ಕಾಶೆವ್ವ ಫೋನೆತ್ತಿ, ತನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಅಭಿನಂದನೆಗಳು ಮೇಡಂ," ಎಂದಿತು ಒಂದು ಹುಡುಗಿಯ ದನಿ. "ನಾಲ್ಕನೇ ತಿಂಗಳಲ್ಲಿದ್ದೀರಿ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ನಮ್ಮ ಸಂಸ್ಥೆಯಲ್ಲಿ ಕಾಪಿಡಬಹುದು. ನಿಮ್ಮ ಕೊನೆಯ ಮುಟ್ಟಿನ ತಾರೀಖು ಜನವರಿ ಹದಿನಾರು, ಸರಿ ತಾನೇ?"

ಪದ್ಮವ್ವನ ಕೈಯೊಳಗಿನ ಕಣಕ ನಾದುವ ಪರಾತದಲ್ಲಿ ಬಿತ್ತು.

"ಯಾರ ಹೇಳಿದ್ರವಾ ನಿನಗ ಇದನ್ನ?"

"ನಮ್ಮ ಸಿಸ್ಟಮ್‌ನಲ್ಲಿ ಬಂದಿದೆ ಮೇಡಂ."

ಜನವರಿ ಹದಿನಾರು. ತಾರೀಖು ಸರಿಯಾಗಿಯೇ ಇತ್ತು. ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದು ಒಂದಕ್ಕೇ. ನರ್ಸಿಂಗ್ ಓದುವ ಅಕ್ಕನ ಮಗಳು ಸಪ್ನಾ ಹಾಕಿಕೊಟ್ಟಿದ್ದ, ಮುಟ್ಟಿನ ಲೆಕ್ಕ ಇಡುವ ಆ್ಯಪ್‌ಗೆ. ತೆರೆದರೆ ಗುಲಾಬಿ ಬಣ್ಣದ ಹೂವೊಂದು ಅರಳಿ, "ಇವತ್ತು ನಿಮ್ಮ ಮನಸ್ಸು ಹೇಗಿದೆ?" ಎಂದು ಕೇಳುತ್ತಿತ್ತು. ಈ ಮನೆಗೆ ಬಂದಾಗಿನಿಂದ ಅನ್ನ ಆಯಿತೇ, ಅಂಗಿ ಒಣಗಿತೇ ಎಂದು ಕೇಳಿದವರುಂಟು; ಮನಸ್ಸನ್ನು ಕೇಳಿದವರಿಲ್ಲ. ಹೀಗಾಗಿ ಅವಳು ಅದಕ್ಕೆ ಎಲ್ಲವನ್ನೂ ಹೇಳಿದ್ದಳು. ರಾತ್ರಿ ಮೈ ಕಾದು ಬೆವರುವುದನ್ನು, ಸುಮ್ಮಸುಮ್ಮನೆ ಅಳು ಬರುವುದನ್ನು, ತಿಂಗಳು ತಪ್ಪಿದ್ದನ್ನು. ಮುಟ್ಟು ನಿಲ್ಲುವ ಕಾಲ ಬಂದಿದೆ ಎಂದು ಅವಳಿಗೆ ಗೊತ್ತಿತ್ತು. ಆ ದುಃಖ, ಆ ಹಗುರ ಎರಡನ್ನೂ ಕೆಲವು ದಿನ ತನ್ನೊಬ್ಬಳ ಹತ್ತಿರ ಇಟ್ಟುಕೊಳ್ಳಬೇಕೆಂದಿದ್ದಳು.

ಈಗ ಅದನ್ನು ಕಂಡು ಕೇಳದ ಹುಡುಗಿಯೊಬ್ಬಳು ಕಾಶೆವ್ವನ ಮುಂದೆ ಓದುತ್ತಿದ್ದಳು.

"ಕಾಕೂ, ಇದು ಸುಳ್ಳ," ಎಂದಳು ಪದ್ಮವ್ವ, ಫೋನು ಕಿತ್ತುಕೊಂಡು.

"ಹೌದವಾ, ಸುಳ್ಳ," ಎಂದಳು ಕಾಶೆವ್ವ, ಮುಖವೆಲ್ಲ ಅರಳಿಸಿಕೊಂಡು.

"ಖರೇನ ಏನೂ ಇಲ್ರಿ."

"ಹಂಗ ಅನಬೇಕು. ಮೊದಲಿಗಿ ಯಾರೂ ಹೂಂ ಅನಬಾರದು. ನಾನೂ ನಮ್ಮ ರಾಜಪ್ಪ ಹೊಟ್ಟ್ಯಾಗ ಇದ್ದಾಗ ಐದ ತಿಂಗಳತನಕ ಗ್ಯಾಸು ಅಂತನ ಹೇಳೇನಿ."

ಪದ್ಮವ್ವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಸಿರಿನ ಸುದ್ದಿಯನ್ನು ಮೊದಮೊದಲು ಮುಚ್ಚಿಡುವುದು ಆ ಕಡೆಯ ರೂಢಿ. ಇಲ್ಲ ಎಂದವಳೇ ಇದ್ದವಳು. ಜೋರಾಗಿ ಇಲ್ಲ ಎಂದರಂತೂ ಅವಳಿಜವಳಿ. ಕಾಶೆವ್ವ ಸಕ್ಕರೆ ಮರೆತು ಮನೆಗೆ ಓಡಿದಳು. ಅವಳ ತಂಗಿಯನ್ನು ಕೊಟ್ಟಿದ್ದು ಯಮಕನಮರಡಿಗೆ.

ಪದ್ಮವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಹೊರಬಂದರೆ, ಕಟ್ಟೆಯ ಮೇಲೆ ಗಂಡನ ಫೋನಿನಲ್ಲೂ ತೊಟ್ಟಿಲು ತೂಗುತ್ತಿತ್ತು. ಅವಳು ನೇರ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಬಸ್ಸುಮಳ ಹತ್ತಿರ ಹೋದಳು. ಗಿರಾಕಿಗಳು ಹೋಗುವತನಕ ಕಾದು, ಕಳ್ಳಮಾಲು ಕೊಡುವವಳಂತೆ ಫೋನನ್ನು ಗಾಜಿನ ಮೇಲೆ ಸರಿಸಿದಳು.

ತಬಸ್ಸುಮ ಎಲ್ಲ ಕೇಳಿ ತಲೆ ಅಲ್ಲಾಡಿಸಿದಳು. "ಪದ್ಮಕ್ಕಾ, ಈ ಆ್ಯಪ್ ಒಂದ ಮನಿ ಅಂತ ತಿಳೀರಿ. ಕಟ್ಟಿದವರು ಕಿಡಕಿ ತಾವ ಮಾಡ್ಲಿಲ್ಲ, ಬ್ಯಾರೇದವರ ಕಡಿಂದ ಪುಕ್ಕಟ ತಂದು ಕೂಡಿಸ್ಯಾರ. ಪುಕ್ಕಟ ಕೊಟ್ಟವರು ಕಿಡಕಿ ಸಂಗಾಟ ತಮ್ಮದೊಂದು ಕಣ್ಣೂ ಇಟ್ಟ ಕೊಟ್ಟಾರ. ನೀವು ಒಳಗ ಏನ ಮಾಡಿದ್ರೂ ಅವರಿಗಿ ಕಾಣತೈತಿ. ಅವರು ಜಾಹೀರಾತಿನವರಿಗಿ ಮಾರತಾರ."

"ನಮ್ಮವರ ಫೋನಿಗಿ ಹೆಂಗ ಹೋತು?"

"ಇಬ್ಬರದೂ ಒಂದ ವೈಫೈ ಅಲ್ರಿ. ಒಂದ ಮನಿಯವರು ಅಂತ ಅವಕ್ಕ ತಿಳಿತೈತಿ."

"ಅಷ್ಟ ಶ್ಯಾಣ್ಯಾ ಇದ್ದದ್ದಕ್ಕ, ವಯಸ್ಸಾಗಿ ನಿಂತಾವ ಅನ್ನೂದು ತಿಳೀಲಿಲ್ಲೇನ?"

"ವಯಸ್ಸು ಎಷ್ಟ ಹಾಕೀರಿ?"

ಪದ್ಮವ್ವ ಗಾಜಿನೊಳಗಿನ ಚಾರ್ಜರುಗಳನ್ನು ನೋಡಿದಳು. "ಮೂವತ್ತೇಳು."

"ಖರೆ ಎಷ್ಟು?"

"ನಲವತ್ತೇಳು. ಅದಕ್ಯಾಕ ಖರೆ ಹೇಳ್ಬೇಕು ನಾ, ಅದೇನ ಹೆಣ್ಣ ನೋಡಾಕ ಬಂದೈತೇನ?"

ತಬಸ್ಸುಮ ನಗು ತಡೆದುಕೊಂಡು, ತಪ್ಪನ್ನು ತಿದ್ದೋಣ ಎಂದು ಹೂವಿನ ಚಿತ್ರ ಒತ್ತಿದಳು. ಹೂವು ಅರಳಿತು, ನಡುಗಿತು, ಮುಚ್ಚಿಕೊಂಡಿತು. ಮತ್ತೆ ಒತ್ತಿದಳು. ಮತ್ತೆ ಮುಚ್ಚಿಕೊಂಡಿತು.

"ಒಳಗ ಕುಂತ ಬ್ಯಾರೇದವರ ತುಣುಕು ಯಾವದೋ ಕೆಟ್ಟೈತ್ರಿ. ಅದ ಬಿದ್ರ ಎಲ್ಲಾ ಬೀಳತೈತಿ. ಈಗ ತೆರಿಯಂಗಿಲ್ಲ."

"ತೆರೀದಿದ್ರ ತಗದ ಒಗೀವಾ."

"ಒಗೀತೇನಿ. ಆದ್ರ ನಿಮ್ಮ ಕೈಯಾಗಿಂದ ಹೋಗತೈತಿ, ಅವರ ಕೈಯಾಗಿಂದ ಹೋಗಂಗಿಲ್ಲ."

ಪದ್ಮವ್ವನ ಮೈ ಉರಿದುಹೋಯಿತು. ಈ ಸಲದ ಬಿಸಿ ವಯಸ್ಸಿನದಲ್ಲ. ಅವಳ ಅವ್ವ ಮುಟ್ಟಿನ ಬಟ್ಟೆಯನ್ನು ದನದ ಕೊಟ್ಟಿಗೆಯ ಹಿಂದೆ, ಗಂಡಸರ ಕಣ್ಣು ತಪ್ಪಿಸಿ ಒಣಗಿಸುತ್ತಿದ್ದಳು. ತಾನು ಅಷ್ಟು ಹೆದರಬೇಕಾಗಿಲ್ಲ, ಕಾಲ ಬದಲಾಗಿದೆ ಎಂದು ಪದ್ಮವ್ವ ಅಂದುಕೊಂಡಿದ್ದಳು. ಬದಲಾಗಿತ್ತು, ಖರೆ. ಅವ್ವನ ಬಟ್ಟೆ ಕಂಡರೆ ಓಣಿಗೆ ಕಾಣುತ್ತಿತ್ತು, ಇವಳದು ದೇಶಕ್ಕೆಲ್ಲ ಕಂಡಿತ್ತು. ನಡುಮನೆಗೆ ಬಂದು ಪೆಟ್ಟಿಗೆಗೆ ಕೈ ಹಾಕಿದವನನ್ನು ಹಿಡಿದು ಬಡಿಯಬಹುದು. ಇವರನ್ನು ಎಲ್ಲಿ ಹುಡುಕಿ ಬಡಿಯುವುದು? ಮೇಲಾಗಿ ಇವರು ಕದ್ದದ್ದನ್ನೂ ತಪ್ಪಾಗಿ ಓದಿದ್ದರು.

ಮನೆಗೆ ಬಂದರೆ ಕೌಜಲಗಿಯಿಂದ ಅಕ್ಕ ಸಾತವ್ವ ಬಂದು ಕುಳಿತಿದ್ದಳು. ತೊಡೆಯ ಮೇಲೆ ಹಸಿರು ಖಣ, ಹಸಿರು ಬಳೆ, ಒಂದು ಡಬ್ಬಿ ಉಂಡಿ. ಬಸುರಿಗೆ ತವರಿನವರು ಯಾರಿಗೂ ಹೇಳದೆ ತಂದು ಮಾಡುವ ಕಳ್ಳ ಕುಬಸಕ್ಕೆ ಬೇಕಾದದ್ದೆಲ್ಲ ಇತ್ತು.

"ಅಕ್ಕಾ, ನಿನಗ ಯಾರ ಹೇಳಿದ್ರು?"

"ನಿನ್ನ ಗಂಡ ಫೋನ್ ಮಾಡಿದ್ದ. ನಿನ್ನ ಕೇಳಾಕ ನಾಚಿಕಿ ಬಂತಂತ. ಅವ್ವ ಇದ್ದಿದ್ರ ಅಕಿನ ತರತಿದ್ಲು."

"ಕುಬಸ ಮಾಡೂದು ಚೊಚ್ಚಲಕ್ಕಲ್ಲೇನ ಅಕ್ಕಾ? ಇಲ್ಲಾ ನನಗ ಹೇಳು, ನಾ ಏನ ಚೊಚ್ಚಲ ಬಸುರೇನ?"

"ಇಪ್ಪತ್ತಾರ ವರ್ಷ ಬಿಟ್ಟ ಆದದ್ದು ಚೊಚ್ಚಲ ಇದ್ದಂಗ."

"ನಾ ಬಸುರಿ ಅಲ್ಲ."

"ಗೊತ್ತೈತಿ, ಗೊತ್ತೈತಿ," ಎಂದು ಸಾತವ್ವ ತಂಗಿಯ ಬಾಯಿಗೆ ಉಂಡಿ ತುರುಕಿದಳು. ಅದನ್ನು ನುಂಗುವಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು.

ಯಮಕನಮರಡಿಯವರು ಹೊತ್ತಿಗೆ ಮೊದಲೇ ಬಂದಿದ್ದರು. ಹುಡುಗಿಯ ಅಪ್ಪ ಮಾಲಿಂಗಪ್ಪ, ಅವನ ಹೆಂಡತಿ, ಜತೆಗೆ ಹಿರಿಯರು. ಮಾಲಿಂಗಪ್ಪನ ಹೆಂಡತಿ ಒಳಗೆ ಬಂದವಳೇ ಗೋಡೆ ನೋಡಲಿಲ್ಲ, ಅಟ್ಟ ನೋಡಲಿಲ್ಲ, ಪದ್ಮವ್ವನ ಹೊಟ್ಟೆ ನೋಡಿದಳು. ಸಾತವ್ವ ಹಸಿರು ಖಣದ ಮೇಲೆ ಸೆರಗು ಎಳೆದಳು. ಅದರಿಂದ ಇನ್ನಷ್ಟು ಚೆನ್ನಾಗಿ ಕಂಡಿತು. ಬಾಗಿಲಲ್ಲಿ ಕಾಶೆವ್ವ, ಕೇಳಿದ ಸಕ್ಕರೆಗೆ ಈಗ ಬಂದವಳಂತೆ ಬಟ್ಟಲು ಹಿಡಿದು ನಿಂತಿದ್ದಳು.

ಮೂಲೆಯಲ್ಲಿದ್ದ ಶುಭಮ್‌ನ ಮುಖದಲ್ಲಿ ರಕ್ತವಿರಲಿಲ್ಲ. ಮಗನ ಆ ಮುಖ ನೋಡಿ ಪದ್ಮವ್ವ ಗಟ್ಟಿ ಮನಸ್ಸು ಮಾಡಿದಳು. ಹೇಗೂ ಊರಿಗೆಲ್ಲ ಸುಳ್ಳು ಹೋಗಿದೆ. ಖರೆಯನ್ನು ತಾನೇ ಹೇಳಿಬಿಡಬೇಕು, ಮಾನ ಹೋದರೂ ಮದುವೆ ಉಳಿಯಲಿ.

"ಬೀಗರ, ಒಂದ ಮಾತು ಎಲ್ಲಾರೂ ಕೇಳ್ರಿ," ಎಂದಳು. "ನನಗ ತಿಂಗಳು ನಿಂತಾವ. ಬಸುರಾಗಿ ಅಲ್ಲ, ವಯಸ್ಸಾಗಿ ನಿಂತಾವ. ಯಾವದೋ ಫೋನಿನವರು ಸುಳ್ಳ ಎಬ್ಬಿಸ್ಯಾರ."

ಗಂಡಸರೆಲ್ಲ ಒಮ್ಮೆಲೇ ಫ್ಯಾನು ನೋಡತೊಡಗಿದರು. ಗುಡ್ಡಪ್ಪ ಕೆಮ್ಮಿದ. ಇಷ್ಟು ದಿನ ದಿಂಬಿಗೂ ಕೇಳಿಸದಂತೆ ಇಟ್ಟುಕೊಂಡ ಮಾತನ್ನು ನಡುಮನೆಯಲ್ಲಿ, ಪರಗಂಡಸರ ಮುಂದೆ ಹೇಳಿಯಾಗಿತ್ತು. ಪದ್ಮವ್ವನ ಕಣ್ಣು ತುಂಬಿದವು.

ಮಾಲಿಂಗಪ್ಪನ ಹೆಂಡತಿ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು.

"ಎಷ್ಟ ಛಂದ ಮುಚ್ಚಿಡತೀರಿ ಬೀಗತಿ. ಹಳೇ ರೀತಿಯವರು. ನೀವೇನ ಅಂಜಬ್ಯಾಡ್ರಿ, ನಾವು ಬಂದದ್ದ ಅದಕ್ಕ."

"ಯಾವದಕ್ಕ?"

"ನಮ್ಮ ಹುಡುಗಿ ನೌಕರಿ ಪರೀಕ್ಷಾ ಬರ್ಯಾಕಿ. ಮದಿವ್ಯಾಗಿ ಎರಡ ಮೂರ ವರ್ಷ ಮಕ್ಕಳು ಬ್ಯಾಡ ಅಂತಾಳು. ಎಲ್ಲಿ ಹೋದ್ರೂ ಅತ್ತಿಗೋಳು ವರ್ಷ ತುಂಬೂದ್ರಾಗ ಮೊಮ್ಮಗ ಬೇಕಂತಾರ. ನಿಮ್ಮ ಮನಿ ಸುದ್ದಿ ಬೆಳಿಗ್ಗಿ ಗೊತ್ತಾತು. ನಾ ಇವರಿಗಿ ಅಂದೆ, ಅತ್ತಿ ಮಡಲಾಗ ಕೂಸ ಇದ್ರ ಸೊಸಿಗಿ ಅವಸರ ಮಾಡಂಗಿಲ್ಲ, ಇದ ಮನಿ ಅಂತ."

"ನಾನೂ ಅವಸರ ಮಾಡಂಗಿಲ್ರಿ," ಎಂದಳು ಪದ್ಮವ್ವ. "ಕೂಸ ಇಲ್ದನೂ ಮಾಡಂಗಿಲ್ಲ. ಆಣಿ ಮಾಡಿ ಹೇಳತೇನಿ, ಕೂಸು ಇಲ್ಲ."

"ನೋಡ್ರಿ," ಎಂದಳು ಬೀಗತಿ ಗಂಡನ ಕಡೆ ತಿರುಗಿ, ಮೆಚ್ಚುಗೆಯಿಂದ. "ಇನ್ನೂ ಇಲ್ಲ ಅಂತನ ಅಂತಾರ."

ಮಾಲಿಂಗಪ್ಪ ಹಿರಿಯರ ಮುಖ ನೋಡಿದ. ಹಿರಿಯರು ಹೂಂ ಎಂದು ತಲೆಯಾಡಿಸಿದರು. ಕಾಶೆವ್ವನ ಬಟ್ಟಲಿಗೆ ಈಗ ಸಕ್ಕರೆ ಬಿತ್ತು. ಅವಳೇ ಅದನ್ನು ಎಲ್ಲರ ಬಾಯಿಗೂ ಹಾಕುತ್ತ ಬಂದಳು.

"ಸಂಬಂಧ ಗಟ್ಟಿ," ಎಂದ ಮಾಲಿಂಗಪ್ಪ. "ಆದ್ರ ನಿಮಗ ತ್ರಾಸ ಕೊಡಂಗಿಲ್ರಿ ನಾವು. ಬಸುರಿ ಹೆಣಮಗಳು ಮದಿವ್ಯಾಗ ಓಡ್ಯಾಡೂದು ಹೆಂಗ? ನಿಮ್ಮ ಹೆರಿಗಿ ಆಗಲಿ, ಬಾಣಂತನ ಮುಗೀಲಿ. ಮುಂದ ಒಳ್ಳೆ ದಿನ ನೋಡಿ ಮದಿವಿ ಅಕ್ಕಿಕಾಳು ಒಗಿಯೂಣು. ನಮಗೇನ ಗಡಿಬಿಡಿ ಇಲ್ಲ."

ಜೀಪು ಹೋಯಿತು. ಸಾತವ್ವ ಖಣದ ಮಡಿಕೆ ಬಿಚ್ಚಿದಳು. ಗುಡ್ಡಪ್ಪ ಹೆಂಡತಿ ಕೂರಲೆಂದು ತಾನೇ ಮಣೆ ತಂದಿಟ್ಟ.

ಶುಭಮ್ ಮೆಲ್ಲಗೆ ಬಂದು ಅವ್ವನ ಪಕ್ಕದಲ್ಲಿ ನಿಂತ.

"ಅವ್ವಾ, ಖರೆ ಹೇಳು. ಐತೇನ?"

"ಇಲ್ಲೋ ನನ್ನಪ್ಪಾ."

"ಹಂಗಾರ ನನ್ನ ಮದಿವಿ ಯಾವಾಗ?"

ಪದ್ಮವ್ವ ಬಾಯೊಳಗಿನ ಸಕ್ಕರೆ ನುಂಗಿ ಮಣೆಯ ಮೇಲೆ ಕುಳಿತಳು.

"ನಾ ಹಡದ ಮ್ಯಾಲ," ಎಂದಳು.