ಅಟ್ಟಕ್ಕೇರಿದ ಟೊಮೇಟೊ

ಅವಸರವೆಂಬುದು ನಮ್ಮ ಕಡೆಯವರ ರಕ್ತದಲ್ಲೇ ಇಲ್ಲ. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಅದು ಬೇಕಾಗುವುದೂ ಇಲ್ಲ. ತೆಂಗಿನಕಾಯಿ ಕೆಡವಿ ಅಟ್ಟಕ್ಕೆ ಸುರಿದರೆ ಮುಗಿಯಿತು. ಅದು ತನ್ನ ಪಾಡಿಗೆ ವರ್ಷದ ಹತ್ತಿರ ಒಣಗಿ ಕೊಬ್ಬರಿಯಾಗುತ್ತದೆ. ನಡುನಡುವೆ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ, "ಇನ್ನೂ ಆಗಿಲ್ಲ" ಎಂದು ಗಂಭೀರವಾಗಿ ಹೇಳುವುದೇ ನಮ್ಮ ದುಡಿಮೆ. ಬಿಳಿಗೆರೆಯಲ್ಲಿ ಮೇಷ್ಟರಾಗಿದ್ದ ನಾನು ಈ ದುಡಿಮೆಯಲ್ಲಿ ಬಹಳ ನುರಿತವನು.

ಆ ವರ್ಷ ನನ್ನ ಹೆಂಡತಿ ಕಮಲ ಎಳೆ ತೆಂಗಿನ ಸಸಿಗಳ ನಡುವೆ ಟೊಮೇಟೊ ಹಾಕಿದಳು. ಅವಳ ಸ್ವಂತದ ಮೊದಲ ಬೆಳೆ. ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಹಣ್ಣು ಕೆಂಪಾದ ದಿನವೇ, "ರೀ, ಬೆಳಿಗ್ಗೆ ಬಸ್ಸಿಗೇ ತಗೊಂಡೋಗಿ ತಿಪಟೂರು ಮಂಡಿಗೆ ಹಾಕ್ಬುಡಿ" ಎಂದಳು.

"ಸುಮ್ನಿರೇ, ವ್ಯಾಪಾರ ನಂಗೆ ಗೊತ್ತು. ರೇಟು ಏರ್ಲಿ" ಎಂದು ಹಣ್ಣನ್ನೆಲ್ಲ ಅಟ್ಟಕ್ಕೆ ಸುರಿದೆ. ಏರಿದ್ದು ವಾಸನೆ ಮಾತ್ರ. ಗಾಬರಿಯಾಗಿ ಗೋಣಿಚೀಲಕ್ಕೆ ತುಂಬಿದೆ. ತೆಂಗಿನಕಾಯಿ ತುಂಬಿ ರೂಢಿಯಾದ ಕೈ ಸುಮ್ಮನಿರಬೇಕಲ್ಲ? ಚೀಲವನ್ನು ಎತ್ತಿ ಎತ್ತಿ ಕುಕ್ಕಿ, ಇನ್ನಷ್ಟು ತುರುಕಿ, ಬಾಯಿ ಹೊಲಿದು ಬಸ್ಸಿನ ಟಾಪಿಗೆ ಹಾಕಿಸಿದೆ. ದಾರಿಯಲ್ಲಿ ಮೇಲಿಂದ ಕೆಂಪಗೆ ತೊಟ್ಟಿಕ್ಕಿದ್ದನ್ನು ಕಂಡು ಕಿಟಕಿ ಪಕ್ಕದ ಹೆಂಗಸೊಬ್ಬರು ಕಿಟಾರನೆ ಕಿರುಚಿದರು. ಮಂಡಿಯ ರಫೀಕ್ ಸಾಹೇಬರು ಚೀಲ ಮುಟ್ಟಿ ನೋಡಿ, "ಏನ್ ಮೇಷ್ಟ್ರೇ, ಸಾರೇ ಕಾಯಿಸ್ಕೊಂಡು ಬಂದಿದ್ದೀರಲ್ಲ!" ಎಂದರು.

ಮನೆಗೆ ಬಂದರೆ ಕಮಲ ಬೈಯಲಿಲ್ಲ. ಖಾಲಿ ಚೀಲ ತೊಳೆದು ಬೇಲಿಯ ಮೇಲೆ ಹರವಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನನಗೆ ನಿಜವಾಗಿ ಸಂಕಟವಾಯಿತು.

"ಎಲ್ಲಾ ಹೋಯ್ತಲ್ಲೇ" ಎಂದೆ.

"ಯಾಕ್ ಹೋಯ್ತದೆ? ಗಿಡದಾಗೆ ಇನ್ನೂ ಅವೆ ಕಣ್ರೀ. ಈ ಸಲ ನಿಮ್ಮ ಬುದ್ಧಿ ಅಟ್ಟದ ಮೇಲೇ ಇರ್ಲಿ."

ಮುಂದಿನ ಕೊಯ್ಲಿಗೆ ಬಣ್ಣ ತಿರುಗುತ್ತಿದ್ದ ಕಾಯನ್ನೇ ಸಂಜೆ ತಂಪಿನಲ್ಲಿ ಕಿತ್ತು, ಬಿದಿರು ಬುಟ್ಟಿಗೆ ಹುಲ್ಲು ಹಾಸಿ, ಕೂಸು ಮಲಗಿಸುವ ಹಾಗೆ ಜೋಡಿಸಿದಳು. ಬೆಳಿಗ್ಗೆ ಬಸ್ಸಿನಲ್ಲಿ ತಾನೊಂದು ಸೀಟಿನಲ್ಲಿ ಕೂತು, ಪಕ್ಕದ ಸೀಟಿನಲ್ಲಿ ಬುಟ್ಟಿ ಕೂರಿಸಿ ಅದಕ್ಕೂ ಟಿಕೆಟ್ ತೆಗೆಸಿದಳು. ಕಂಡಕ್ಟರ್ ನನ್ನ ಕಡೆ ನೋಡಿ, "ಮೇಷ್ಟ್ರಿಗೆ ಸೀಟು?" ಎಂದ.

"ಅವ್ರು ನಿಂತ್ಕೊಂಡ್ ಬತ್ತಾರೆ ಬುಡಣ್ಣ. ಅಮುಕಿದ್ರೂ ಕೆಡೋ ಪೈಕಿ ಅಲ್ಲ" ಎಂದಳು ಕಮಲ.

ಬಸ್ಸೆಲ್ಲ ನಕ್ಕಿತು. ನಾನು ಬುಟ್ಟಿಯ ಮೇಲೆ ಯಾರೂ ವಾಲದಂತೆ ತಿಪಟೂರಿನವರೆಗೂ ಮೊಣಕೈ ಚಾಚಿಕೊಂಡೇ ನಿಂತೆ. ಮಂಡಿಯಲ್ಲಿ ಸಾಹೇಬರು ಬುಟ್ಟಿಯ ತಳದವರೆಗೂ ಕೈಯಾಡಿಸಿ ನೋಡಿ, "ನಾಳೇನೂ ತನ್ನಿ ತಾಯಿ" ಎಂದರು. ಕಮಲಳ ಮುಖ ಅರಳಿತು. ತೋಟದಿಂದ ಮಂಡಿ ಸೇರುವಷ್ಟರಲ್ಲಿ ಜಜ್ಜಿಹೋಗಿದ್ದು ನನ್ನ ಮೊಣಕೈ ಒಂದೇ.